ಉಪ್ಪು ಹಾಕಿದರೆ ನೀರು ಬೇಗ ಕುದಿಯುತ್ತದೆಯೇ? ದ್ರಾವಣದ ಒಗಟಿನ ಬೆನ್ನುಹತ್ತಿದ ಜೆ.ಸಿ. ಘೋಷ್

ನೀರಿಗೆ ಮೊದಲೇ ಉಪ್ಪು ಹಾಕಿದರೆ ಬೇಗ ಕುದಿಯುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಉಪ್ಪು ಅಥವಾ ಸಕ್ಕರೆ ಕರಗಿದಾಗ ನೀರಿನ ಕುದಿಬಿಂದು ಏರುತ್ತದೆ, ಹೆಪ್ಪುಗಟ್ಟುವ ಬಿಂದು ಇಳಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿದರೆ ಆಗುವ ಏರಿಕೆ ಸುಮಾರು 0.1 ಡಿಗ್ರಿ ಸೆಲ್ಸಿಯಸ್ ಮಾತ್ರ. ಹಾಗಾಗಿ ಅಡುಗೆಮನೆಯಲ್ಲಿ ಅದು ನಮ್ಮ ಗಮನಕ್ಕೇ ಬರುವುದಿಲ್ಲ.

ತೊಣ್ಣೂರು, ಪಾಂಡವಪುರದ ಸುತ್ತಲಿನ ಆಲೆಮನೆಗಳಲ್ಲಿ ಮಾತ್ರ ಇದು ಎದ್ದು ಕಾಣುತ್ತದೆ. ಕೊಪ್ಪರಿಗೆಯಲ್ಲಿರುವ ಕಬ್ಬಿನ ಹಾಲು 100 ಡಿಗ್ರಿ ಆಸುಪಾಸಿನಲ್ಲಿ ಕುದಿಯತೊಡಗುತ್ತದೆ. ನೀರು ಆವಿಯಾಗಿ ಸಕ್ಕರೆ ಸಾಂದ್ರವಾದಂತೆ ಬಿಸಿ ಏರುತ್ತಾ, ಬೆಲ್ಲದ ಪಾಕ ಬರುವ ಹೊತ್ತಿಗೆ 115 ಡಿಗ್ರಿ ದಾಟಿರುತ್ತದೆ. ಪಾಕ ಸಿಡಿದರೆ ಕುದಿನೀರಿಗಿಂತ ಜೋರಾಗಿ ಸುಡಲು ಇದೂ ಒಂದು ಕಾರಣ.

ತಿಳಿಯಾದ ದ್ರಾವಣಗಳಲ್ಲಿ ಮುಖ್ಯವಾಗುವುದು ಕರಗಿದ ವಸ್ತು ಯಾವುದು ಎಂಬುದಲ್ಲ, ಅದರ ಕಣಗಳು ಎಷ್ಟಿವೆ ಎಂಬುದು. ಒಂದು ಕಿಲೋ ನೀರಿನಲ್ಲಿ ಒಂದು ಮೋಲ್ ಗ್ಲೂಕೋಸ್ ಕರಗಿದರೆ ಹೆಪ್ಪುಗಟ್ಟುವ ಬಿಂದು ಸುಮಾರು 1.86 ಡಿಗ್ರಿ ಇಳಿಯುತ್ತದೆ. ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಎಂಬ ಎರಡು ಅಯಾನುಗಳಾಗಿ ಒಡೆಯುವುದರಿಂದ ಇಳಿಕೆ ಇಮ್ಮಡಿಯಾಗಿ 3.72 ಆಗಬೇಕು. ಅಳೆದರೆ ಸಿಗುವುದು ಸುಮಾರು 3.4. ಉಳಿದದ್ದು ಎಲ್ಲಿ ಹೋಯಿತು?

ಈ ಬಗೆಯ ಲೆಕ್ಕ ತಪ್ಪುವಿಕೆಗೆ ಉತ್ತರ ಹುಡುಕಿದವರಲ್ಲಿ ಜ್ಞಾನಚಂದ್ರ ಘೋಷ್ ಒಬ್ಬರು. 1894ರಲ್ಲಿ ಪುರುಲಿಯಾದಲ್ಲಿ ಹುಟ್ಟಿದ ಅವರು ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯ. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಅವರ ಸಹಪಾಠಿ. ಉಪ್ಪಿನ ಅಣುಗಳಲ್ಲಿ ಒಂದಷ್ಟು ಒಡೆಯದೆ ಉಳಿಯುತ್ತವೆ ಎಂಬುದು ಆಗ ಚಾಲ್ತಿಯಲ್ಲಿದ್ದ ವಿವರಣೆ. ಘೋಷ್ 1918ರಲ್ಲಿ ಬೇರೆ ದಾರಿ ಹಿಡಿದರು. ಉಪ್ಪು ಪೂರ್ತಿಯಾಗಿಯೇ ಒಡೆಯುತ್ತದೆ, ಆದರೆ ಧನ ಮತ್ತು ಋಣ ಅಯಾನುಗಳ ಪರಸ್ಪರ ಸೆಳೆತದಿಂದಾಗಿ ಎಲ್ಲವೂ ಸ್ವತಂತ್ರವಾಗಿ ವರ್ತಿಸಲಾರವು ಎಂದು ವಾದಿಸಿದರು. ದ್ರಾವಣದಲ್ಲೂ ಅಯಾನುಗಳು ಹರಳಿನಲ್ಲಿರುವಂತೆ ಸಾಲಾಗಿ ಜೋಡಣೆಗೊಂಡಿವೆ ಎಂದು ಊಹಿಸಿ ಲೆಕ್ಕ ಹಾಕಿದರು.

ಎಡವಟ್ಟಾದದ್ದು ಇಲ್ಲೇ. ಶಾಖದಿಂದ ಅಯಾನುಗಳು ಸದಾ ಓಡಾಡುತ್ತವೆ, ಸಾಲಿನಲ್ಲಿ ನಿಲ್ಲುವುದಿಲ್ಲ. 1923ರಲ್ಲಿ ಡಿಬೈ ಮತ್ತು ಹುಕೆಲ್, ಘೋಷ್ ಸಿದ್ಧಾಂತವನ್ನು ಚರ್ಚಿಸಿಯೇ ಮುಂದೆ ಸಾಗಿದರು. ಪ್ರತಿ ಅಯಾನಿನ ಸುತ್ತ ವಿರುದ್ಧ ಅಯಾನುಗಳ ಮೋಡ ಕವಿದಿರುತ್ತದೆ ಎಂಬ ಅವರ ಚಿತ್ರ ಪ್ರಯೋಗಗಳಿಗೆ ಚೆನ್ನಾಗಿ ಹೊಂದಿತು. ಇಂದು ಪಠ್ಯಗಳಲ್ಲಿ ಇರುವುದು ಅವರ ಹೆಸರು. ಆದರೆ ಪೂರ್ತಿ ಒಡೆಯುವಿಕೆ, ಅಯಾನುಗಳ ನಡುವಿನ ಸೆಳೆತ ಎಂಬ ಎರಡೂ ಎಳೆಗಳು ಘೋಷ್ ಅವರ ಬರಹದಲ್ಲಿ ಆಗಲೇ ಇದ್ದವು.

ಘೋಷ್ ಅಲ್ಲಿಗೇ ನಿಲ್ಲಲಿಲ್ಲ. ಢಾಕಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ವಿಭಾಗ ಕಟ್ಟಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಅದನ್ನು ಮುನ್ನಡೆಸಿದರು. ಯುದ್ಧದ ನಡುವೆ, 1942ರಲ್ಲಿ, ಅಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾದದ್ದು ಅವರ ಕಾಲದಲ್ಲೇ. ಮುಂದೆ ಖರಗ್‌ಪುರದ ಐಐಟಿಗೆ ಮೊದಲ ನಿರ್ದೇಶಕರಾದರು. 1959ರಲ್ಲಿ ತೀರಿಕೊಂಡರು.

ತಪ್ಪೆಂದು ತೋರಿದ ಸಿದ್ಧಾಂತ ವ್ಯರ್ಥ ಎಂಬುದೂ ಒಂದು ಮಿಥ್ಯೆಯೇ. ಎಲ್ಲಿ ತಪ್ಪಿದೆ ಎಂದು ಲೆಕ್ಕ ಹಾಕಿ ತೋರಿಸಲು ಸಾಧ್ಯವಾಗುವಷ್ಟು ಸ್ಪಷ್ಟವಾಗಿ ಘೋಷ್ ಬರೆದಿದ್ದರು. ಮುಂದಿನವರಿಗೆ ಅದೇ ಮೆಟ್ಟಿಲಾಯಿತು.