ಗೀಜಗದ ಗೂಡಿನ ಕೆಳಗೆ ಕೂತ ಸಲೀಂ ಅಲಿ

ರೈತ ಬಾಂಧವರೇ, ಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಗೀಜಗದ ಹಿಂಡು ಇಳಿದರೆ ನೀವು ಅಟ್ಟಣೆ ಏರಿ ಕವಣೆ ಬೀಸುತ್ತೀರಿ. ಬೆಳೆ ಕಾಯುವುದು ತಪ್ಪಲ್ಲ. ಆದರೆ ಅದೇ ಗೀಜಗವನ್ನು ತಾಳ್ಮೆಯಿಂದ ನೋಡುತ್ತ ಕೂತು ಹೆಸರಾದ ಡಾ. ಸಲೀಂ ಅಲಿಯವರ ಕಥೆಯನ್ನೂ ನೀವು ತಿಳಿಯಬೇಕು.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಸಾಕಿದರು. ಹುಡುಗನಾಗಿದ್ದಾಗ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಲ್ಲಿ ಹಳದಿ ಗುರುತು! ಇದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯಲಿಲ್ಲ. ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಕಾರ್ಯದರ್ಶಿ ಮಿಲರ್ಡ್ ಅವರಲ್ಲಿಗೆ ಹುಡುಗನನ್ನು ಕಳಿಸಿದರು. ಮಿಲರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ ಸಂಘದ ಸಂಗ್ರಹವನ್ನೂ ತೋರಿಸಿದರು. ಅಂದೇ ಹಕ್ಕಿಯ ಹುಚ್ಚು ಹಿಡಿಯಿತು.

1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ನೋಡಬಂದವರಿಗೆ ವಿವರಿಸುವ ಕೆಲಸ ಸಿಕ್ಕಿತು. ಮುಂದೆ ಬರ್ಲಿನ್‌ಗೆ ಹೋಗಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದರೆ ಆ ಹುದ್ದೆಯೇ ಇರಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ, ಪತ್ನಿ ತೆಹ್ಮಿನಾ ಜೊತೆ ಕಡಲತೀರದ ಕಿಹಿಮ್ ಎಂಬ ಹಳ್ಳಿ ಸೇರಿದರು.

ಮನೆಯ ಹತ್ತಿರವೇ ಗೀಜಗಗಳು ಗೂಡು ಕಟ್ಟುತ್ತಿದ್ದವು. ಗಂಡು ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದನ್ನು ಪೂರ್ತಿ ಮಾಡಿ, ಇನ್ನೊಂದು ಹೆಣ್ಣಿಗಾಗಿ ಬೇರೊಂದನ್ನು ಶುರುಮಾಡುತ್ತದೆ. ದಿನವೂ ಕೂತು ನೋಡಿ ತಿಳಿದ ಈ ಸಂಗತಿಯನ್ನು 1931ರಲ್ಲಿ ಪ್ರಕಟಿಸಿದರು. ಕೆಲಸ ಕಳೆದುಕೊಂಡ ಆ ದಿನಗಳೇ ಅವರಿಗೆ ಕೀರ್ತಿ ತಂದವು.

1939ರಲ್ಲಿ ತೆಹ್ಮಿನಾ ತೀರಿಕೊಂಡರು. ಆ ದುಃಖದ ಬೆನ್ನಿಗೇ, 1939-40ರಲ್ಲಿ, ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಮರಿಮಾಡುವುದನ್ನು ಕಂಡು, ಅವಕ್ಕೆ ರಕ್ಷಣೆ ಬೇಕೆಂದು ಒತ್ತಾಯಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1941ರಲ್ಲಿ ಬಂದ ಅವರ ಪುಸ್ತಕ ಸಾಮಾನ್ಯ ಜನರಿಗೂ ಹಕ್ಕಿ ಗುರುತಿಸಲು ಕಲಿಸಿತು. 1976ರಲ್ಲಿ ಪದ್ಮವಿಭೂಷಣ ಬಂತು. 1987ರ ಜೂನ್ 20ರಂದು ತೀರಿಕೊಂಡರು.

ಇದರಿಂದ ನಮಗೇನು ಲಾಭ ಎನ್ನುತ್ತೀರಾ? ಕಾಳು ತಿನ್ನುವ ಗೀಜಗವೇ ತನ್ನ ಮರಿಗಳಿಗೆ ಮಿಡತೆ, ಹುಳುಗಳನ್ನು ತಿನ್ನಿಸುತ್ತದೆ. ನೇಗಿಲ ಹಿಂದೆ ಬರುವ ಬೆಳ್ಳಕ್ಕಿಯೂ ಹುಳ ಹೆಕ್ಕುತ್ತದೆ. ರಾತ್ರಿ ಗೂಬೆ ಇಲಿ ಹಿಡಿಯುತ್ತದೆ. ಯಾವ ಹಕ್ಕಿ ಯಾವ ಕಾಲಕ್ಕೆ ಏನು ತಿನ್ನುತ್ತದೆಂದು ತಿಳಿಯದೆ ಕಂಡಕಂಡಲ್ಲಿ ವಿಷ ಸಿಂಪಡಿಸಿದರೆ, ಕೂಲಿ ಕೇಳದ ಆಳನ್ನು ನಾವೇ ಕೊಂದಂತೆ.

ಅದಕ್ಕೇ ಒಂದು ಮಾತು. ನವೆಂಬರ್ ಅವರು ಹುಟ್ಟಿದ ತಿಂಗಳು; ಹಿಮಾಲಯದಾಚೆಯ ಹಕ್ಕಿಗಳು ನಮ್ಮ ಕೆರೆಗಳಿಗೆ ಇಳಿಯುವ ಕಾಲವೂ ಹೌದು. ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು, ಊರಿನ ಏಳೆಂಟು ಮಕ್ಕಳನ್ನು ಕರೆದುಕೊಂಡು ಕೆರೆ ಏರಿಯ ಮೇಲೆ ನಡೆಯಿರಿ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ, ಗದ್ದಲ ಬೇಡ, ಸೂರ್ಯ ಬೆನ್ನಿಗಿರಲಿ. ಬದುವಿನ ತುಂಬೆ, ತಂಗಡಿ ಹೂಗಳನ್ನು ಕೀಳದೆ ನೋಡಲಿ. ಕಂಡ ಹಕ್ಕಿ, ಎಷ್ಟು, ಎಲ್ಲಿ, ಏನು ತಿನ್ನುತ್ತಿತ್ತು ಎಂದು ಒಬ್ಬರು ಬರೆದುಕೊಳ್ಳಲಿ. ಮುಂದಿನ ವರ್ಷವೂ ಅದೇ ದಾರಿಯಲ್ಲಿ ಹೋಗಿ, ಹೋಲಿಸಿ ನೋಡಿ. ನಿಮ್ಮ ಹೊಲದ ಸಂಗತಿ ಆ ಪುಸ್ತಕದಲ್ಲೇ ನಿಮಗೆ ತಿಳಿಯುತ್ತದೆ.