ಅಂಧ ಗಾಯಕ ಪಾಲ್ ಪೆನಾ

ಅಮೆರಿಕದ ಪಾಲ್ ಪೆನಾ 1950ರಲ್ಲಿ ಜನಿಸಿದನು. ಹುಟ್ಟಿನಿಂದಲೇ ಇದ್ದ ನೇತ್ರರೋಗದಿಂದ ತಾರುಣ್ಯದಲ್ಲಿ ಪೂರ್ಣ ಅಂಧನಾದನು. ಸಂಗೀತವೇ ಅವನ ಜೀವನವಾಯಿತು. 1984ರ ಒಂದು ರಾತ್ರಿ ಮಾಸ್ಕೋ ರೇಡಿಯೋದಲ್ಲಿ ವಿಚಿತ್ರ ಗಾಯನವೊಂದು ಕೇಳಿಸಿತು. ಒಂದೇ ಕಂಠದಿಂದ ಏಕಕಾಲಕ್ಕೆ ಎರಡು ಸ್ವರ! ಅದು ಸೈಬೀರಿಯದ ದಕ್ಷಿಣಕ್ಕಿರುವ ತುವಾ ನಾಡಿನ ಪಶುಪಾಲಕರ ‘ಖೂಮೆಯ್’ ಗಾಯನ.

ಕಲಿಸಲು ಗುರುವಿರಲಿಲ್ಲ, ಧ್ವನಿಮುದ್ರಿಕೆ ಕೇಳಿಯೇ ಸಾಧನೆ ಮಾಡಿದನು. ಹಾಡಿನ ಅರ್ಥ ತಿಳಿಯಲು ತುವಾ-ರಷ್ಯನ್, ರಷ್ಯನ್-ಇಂಗ್ಲಿಷ್ ನಿಘಂಟುಗಳೆರಡನ್ನೂ ಇಟ್ಟುಕೊಂಡು, ಅಕ್ಷರಗಳನ್ನು ಬೆರಳಿಗೆ ತಿಳಿಸುವ ಯಂತ್ರದ ನೆರವಿನಿಂದ ಒಂದೊಂದೇ ಪದ ಓದಿದನು.

1993ರಲ್ಲಿ ತುವಾದ ಪ್ರಸಿದ್ಧ ಗಾಯಕ ಕೊಂಗಾರ್-ಓಲ್ ಒಂದಾರ್ ಅಮೆರಿಕಕ್ಕೆ ಬಂದಾಗ ಅವನೆದುರು ಹಾಡಿ ಬೆರಗುಗೊಳಿಸಿದನು. 1995ರಲ್ಲಿ ತುವಾದ ರಾಜಧಾನಿ ಕಿಜಿಲ್‌ಗೆ ಹೋಗಿ, ಆಳದ ಧ್ವನಿಯ ‘ಕರ್ಗಿರಾ’ ಸ್ಪರ್ಧೆಯಲ್ಲಿ ಗೆದ್ದನು. ಆ ಜನರು ಅವನನ್ನು ಪ್ರೀತಿಯಿಂದ ‘ಭೂಕಂಪ’ ಎಂದು ಕರೆದರು.

2005ರಲ್ಲಿ ಪೆನಾ ತೀರಿಕೊಂಡನು. ಕಣ್ಣಿದ್ದೂ ಪುಸ್ತಕ ತೆರೆಯಲು ಬೇಸರಪಡುವ ನಮಗೆ ಅವನ ಬೆರಳುಗಳೇ ಪಾಠ.