ಕೈಗಳಿಂದ ಕಲಿಸಿದ ಗುರು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ದನದ ಸಂತೆಗಳಲ್ಲಿ ಹೆಗಲವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವ ಪದ್ಧತಿ ಹಳೆಯದು. ಒಂದು ಮಾತೂ ಹೊರಡದೆ ವ್ಯಾಪಾರ ಮುಗಿಯುತ್ತಿತ್ತು. ಕೈಗೆ ಇಷ್ಟು ಹೇಳಲು ಬರುವುದಾದರೆ, ಕಿವಿ ಕೇಳದ ಮಗುವಿಗೆ ಕೈಯ ಮೂಲಕವೇ ಓದುಬರಹ ಕಲಿಸಬಹುದಲ್ಲವೇ? ಹಾಗೆ ಕಲಿತು, ಹಾಗೆಯೇ ಕಲಿಸಿದವರು ಫ್ರಾನ್ಸ್ ದೇಶದ ಲೊರಾನ್ ಕ್ಲೆರ್.

ಕ್ಲೆರ್ 1785ರಲ್ಲಿ ಲಿಯೋನ್ ನಗರದ ಕಡೆಯ ಒಂದು ಹಳ್ಳಿಯಲ್ಲಿ ಜನಿಸಿದರು. ವರ್ಷದ ಕೂಸಾಗಿದ್ದಾಗ ಬೆಂಕಿಗೆ ಬಿದ್ದು ಕೆನ್ನೆ ಸುಟ್ಟಿತು. ಕಿವಿ ಕೇಳದಿರಲು ಅದೇ ಕಾರಣವೆಂದು ಮನೆಯವರು ನಂಬಿದ್ದರು. ಹನ್ನೆರಡರವರೆಗೆ ಅಕ್ಷರದ ಗಂಧವಿಲ್ಲದೆ ದನ ಮೇಯಿಸಿಕೊಂಡಿದ್ದ ಬಾಲಕನನ್ನು 1797ರಲ್ಲಿ ಬಂಧುವೊಬ್ಬರು ಪ್ಯಾರಿಸಿನ ಕಿವುಡರ ಶಾಲೆಗೆ ಸೇರಿಸಿದರು. ಅಲ್ಲಿ ಅವನಿಗೆ ದೊರೆತ ಗುರು ಮಾಸ್ಯೂ ಎಂಬವರು, ಸ್ವತಃ ಕಿವುಡರು. ಸನ್ನೆಯೇ ಅಲ್ಲಿಯ ಭಾಷೆ. ಎರಡು ಬೆರಳುಗಳಿಂದ ಕೆನ್ನೆ ಸವರಿದರೆ ಕ್ಲೆರ್ ಎಂದು ಅರ್ಥ. ಸುಟ್ಟ ಕಲೆಯೇ ಅವನ ಹೆಸರಾಯಿತು.

ಆದರೆ ಅದೇ ಶಾಲೆಯಲ್ಲಿದ್ದ ಒಬ್ಬ ಪಾದ್ರಿ ಅವನಿಂದ ಮಾತನಾಡಿಸಲು ಹಟ ಹಿಡಿದನು. ಎರಡು ಧ್ವನಿಗಳ ಭೇದ ಬಾಲಕನಿಗೆ ಸಾಧಿಸದಿದ್ದಾಗ ಗದ್ದಕ್ಕೆ ಗುದ್ದಿದನು. ಹಲ್ಲಿಗೆ ಸಿಕ್ಕಿ ನಾಲಗೆ ಗಾಯವಾಯಿತು. ಕೇಳಿಸದ ಧ್ವನಿಯನ್ನು ಹೊಡೆದು ಕಲಿಸುವ ಪಾಂಡಿತ್ಯಕ್ಕೆ ಏನೆನ್ನೋಣ! ಬಾಲಕ ಮತ್ತೆಂದೂ ಮಾತಿಗೆ ಯತ್ನಿಸಲಿಲ್ಲ. ಸನ್ನೆಯ ಮೂಲಕವಾದರೋ ಅವನು ಫ್ರೆಂಚ್ ಓದುಬರಹದಲ್ಲಿ ನಿಪುಣನಾಗಿ, ಅಲ್ಲಿಯೇ ಶಿಕ್ಷಕನಾದನು.

ಕಿವುಡ ಮಕ್ಕಳಿಗೆ ಪಾಠ ಹೇಳುವ ಕ್ರಮವನ್ನು ಅರಸುತ್ತ ಅಮೆರಿಕದಿಂದ ಬಂದಿದ್ದ ಗ್ಯಾಲಡೆಟ್ ಎಂಬವರು 1815ರಲ್ಲಿ ಲಂಡನ್ನಿನಲ್ಲಿ ಕ್ಲೆರ್ ಅವರನ್ನು ಕಂಡರು. ಮರುವರ್ಷ ಇಬ್ಬರೂ ಹಡಗು ಹತ್ತಿದರು. ಪ್ರಯಾಣಕ್ಕೆ 52 ದಿನ ಹಿಡಿಯಿತು. ಕ್ಲೆರ್ ಸನ್ನೆ ಕಲಿಸಿದರು, ಗ್ಯಾಲಡೆಟ್ ಇಂಗ್ಲಿಷ್ ಕಲಿಸಿದರು. ಕ್ಲೆರ್ ಆ ಹೊಸ ಭಾಷೆಯಲ್ಲೇ ಹಡಗಿನ ದಿನಚರಿ ಬರೆದರು. ಒಂದು ಪದವನ್ನೂ ಕಿವಿಯಿಂದ ಕೇಳದೆ ಕಲಿತ ಭಾಷೆಯದು!

1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡ್ ನಗರದಲ್ಲಿ ಅವರ ಶಾಲೆ ತೆರೆಯಿತು. ಕ್ಲೆರ್ 1858ರವರೆಗೆ ಅಲ್ಲಿ ಬೋಧಿಸಿ, 1869ರಲ್ಲಿ ತೀರಿಕೊಂಡರು. ಹನ್ನೊಂದು ವರ್ಷಗಳ ತರುವಾಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು ಸನ್ನೆಯನ್ನು ಬಿಟ್ಟು ಮಾತನ್ನೇ ಕಲಿಸಬೇಕೆಂದು ನಿರ್ಣಯಿಸಿತು. ನಿರ್ಣಯಿಸಿದವರು ಬಹುತೇಕ ಕಿವಿ ಕೇಳುವವರೇ. ಅನೇಕ ದೇಶಗಳ ಶಾಲೆಗಳಿಂದ ಸನ್ನೆ ಹೊರಬಿದ್ದಿತು.

ಭಾರತದಲ್ಲಿ 2020ರ ಅಕ್ಟೋಬರ್ 6ರಂದು ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಎನ್‌ಸಿಇಆರ್‌ಟಿಯೊಡನೆ ಒಪ್ಪಂದ ಮಾಡಿಕೊಂಡಿತು. ಪಠ್ಯಪುಸ್ತಕದ ಪಾಠಗಳನ್ನು ತೆರೆಯ ಮೇಲೆ ಸನ್ನೆಯಲ್ಲಿ ಹೇಳುವ ಡಿಜಿಟಲ್ ಪುಸ್ತಕಗಳನ್ನು ಸಿದ್ಧಪಡಿಸುವುದು ಅದರ ಉದ್ದೇಶ. ಅವು ಹಿಂದಿ, ಇಂಗ್ಲಿಷ್ ಮಾಧ್ಯಮದ ಪುಸ್ತಕಗಳು. ಬ್ಯಾಡಗಿಯ ಮಗು ಓದುವ ಕನ್ನಡ ಪಾಠ ಆ ಒಪ್ಪಂದದಲ್ಲಿ ಸೇರಿರಲಿಲ್ಲ.